ಕಿವಿಯಲ್ಲಿ ಹೇಳಿದ್ದನ್ನು ಸಭೆಯಲ್ಲಿ ಹೇಳೋಣ



ಕಳೆದ ಬೇಸಿಗೆಯಲ್ಲಿ ಬಳಗಾನೂರು ಕಡೆಯ ಒಂದು ಊರಲ್ಲಿ ರಾಸುಗಳ ತಪಾಸಣಾ ಶಿಬಿರ ಇತ್ತು. ಡೇರಿ ಮುಂದಿನ ಬೇವಿನ ಗಿಡದ ನೆರಳಲ್ಲಿ ಆಕಳು, ಎಮ್ಮೆ ಸಾಲಾಗಿ ನಿಂತಿದ್ದವು. ಒಬ್ಬ ತಾಯಿಯ ಮಿಶ್ರತಳಿ ಆಕಳು ಕರು ಹಾಕಿ ಎರಡು ತಿಂಗಳಾಗಿತ್ತು. ಹಾಲು ಅರ್ಧಕ್ಕೆ ಇಳಿದಿತ್ತು. ಪಕ್ಕೆಲುಬು ಎಣಿಸುವಂತಿತ್ತು. ಜ್ವರ ಇಲ್ಲ, ಕೆಚ್ಚಲು ಬಾವೂ ಇಲ್ಲ. "ದಾಣಿ ಎಷ್ಟು ಹಾಕ್ತೀರಿ?" ಎಂದು ಕೇಳಿದೆ. ಅವರು ಅತ್ತಿತ್ತ ನೋಡಿ ನನ್ನ ಕಿವಿಯ ಹತ್ತಿರ ಬಂದರು. "ದಾಣಿ ತರೂದು ಬಿಟ್ಟು ತಿಂಗಳಾತ್ರಿ ಮೇಡಮ್ಮರ. ಬಟವಾಡಿ ರೊಕ್ಕ ಮನಿ ಮುಟ್ಟೂದ್ರಾಗ ಕುಡ್ದು ಮುಗಿಸಿರ್ತಾರ. ಯಾರ ಮುಂದೂ ಹೇಳಬ್ಯಾಡ್ರಿ."

ಮಧ್ಯಾಹ್ನದೊಳಗೆ ಇನ್ನಿಬ್ಬರು ಇದೇ ಮಾತು ಹೇಳಿದರು. ಅವರೂ ಕಿವಿಯಲ್ಲೇ ಹೇಳಿದರು. ಮೂವರೂ ಅದೇ ಸಾಲಿನಲ್ಲಿ, ಒಬ್ಬರ ಹಿಂದೆ ಒಬ್ಬರು ನಿಂತವರು. ಒಬ್ಬರ ಸಂಕಟ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಆಡುವಂತಿರಲಿಲ್ಲ. ನಾನು ಖನಿಜ ಮಿಶ್ರಣದ ಪೊಟ್ಟಣ ಕೊಟ್ಟು, ಚೀಟಿ ಬರೆದು ಬಂದೆ. ರೋಗ ಇರುವುದು ಆಕಳಿಗಲ್ಲ ಎಂದು ತಿಳಿದೂ ಸುಮ್ಮನೆ ಬಂದೆ. ನಮ್ಮಂಥ ಸಾಮಾನ್ಯರು ನಾಲ್ಕು ಜನರ ಮುಂದೆ ಬಾಯಿ ಬಿಡುವುದು ಯಾವಾಗ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಬಾಯಿ ಬಿಟ್ಟವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. 2019ರ ಜನವರಿ 19ರಂದು ಚಿತ್ರದುರ್ಗದಿಂದ ಮಹಿಳೆಯರ ಒಂದು ಪಾದಯಾತ್ರೆ ಹೊರಟಿತು. ರಾಜ್ಯದಲ್ಲಿ ಸಂಪೂರ್ಣ ಮದ್ಯ ನಿಷೇಧ ಆಗಬೇಕು ಎಂಬುದು ಅವರ ಬೇಡಿಕೆ. ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳೂ ಅದರಲ್ಲಿದ್ದರು. ಸಾವಿರಾರು ಮಂದಿ ಹೆದ್ದಾರಿಯಲ್ಲಿ ಸುಮಾರು 200 ಕಿಲೋಮೀಟರ್ ನಡೆದು, ಗಾಂಧೀಜಿ ಹುತಾತ್ಮರಾದ ಜನವರಿ 30ರಂದು ಬೆಂಗಳೂರು ಮುಟ್ಟಿದರು. ಬಹಳಷ್ಟು ಜನ ಕೂಲಿ ಮಾಡಿ ಉಣ್ಣುವವರು. 12 ದಿನದ ಕೂಲಿ ಬಿಟ್ಟು ಬಂದವರು. ಮನೆಯಲ್ಲಿ ಹಿಂಡುವ ಆಕಳು ಇದ್ದರೆ ಅದು 24 ಹೊತ್ತಿನ ಹಾಲು. ಆ ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಿಲ್ಲ. ದಾರಿಯಲ್ಲಿ ಒಬ್ಬ ತಾಯಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆದರೂ ನಡಿಗೆ ನಿಲ್ಲಲಿಲ್ಲ.

ಇವರು ಭಾಷಣ ಕಲಿತವರಲ್ಲ. ಧೈರ್ಯ ಹೆಚ್ಚಿದ್ದವರು ಎನ್ನುವುದೂ ಪೂರ್ತಿ ನಿಜವಲ್ಲ. "ಇದು ನಮ್ಮ ಮನೆ ಮರ್ಯಾದೆ" ಎಂದು ಪ್ರತಿಯೊಬ್ಬರೂ ಮುಚ್ಚಿಟ್ಟುಕೊಂಡಿದ್ದ ಮಾತು, ಓಣಿಯ ಎಲ್ಲ ಮನೆಯಲ್ಲೂ ಇದೆ ಎಂದು ಗೊತ್ತಾದ ದಿನ ನಾಚಿಕೆ ಹೋಗುತ್ತದೆ. ನಾಚಿಕೆ ಹೋದ ಮೇಲೆ ಬಾಯಿ ತಾನಾಗಿ ಬರುತ್ತದೆ.

ನಮಗಿಂತ ಮೊದಲು ಪಕ್ಕದ ಆಂಧ್ರದಲ್ಲಿ ಹೀಗೇ ಆಗಿತ್ತು. ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಅಕ್ಷರ ಕಲಿಯಲು ಒಟ್ಟಿಗೆ ಕೂಡುತ್ತಿದ್ದರು. ಅಲ್ಲಿ ಓದಿದ ಪಾಠದಲ್ಲಿ ಕುಡುಕ ಗಂಡನ ಮನೆಯ ಕಥೆ ಇತ್ತು. ಅದು ತಮ್ಮೆಲ್ಲರ ಕಥೆ ಎಂದು ಅವರಿಗೆ ಅನಿಸಿತು. 1992ರಲ್ಲಿ ಊರಿಗೆ ಸಾರಾಯಿ ಬರದಂತೆ ತಡೆದರು. ಹಳ್ಳಿಯಿಂದ ಹಳ್ಳಿಗೆ ಮಾತು ಹಬ್ಬಿತು. 1993ರ ಅಕ್ಟೋಬರ್ 1ರಿಂದ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. 1995ರ ಜನವರಿಯಲ್ಲಿ ಸಂಪೂರ್ಣ ಪಾನ ನಿಷೇಧವೂ ಬಂತು.

ಇನ್ನು ನೀವು ದಿನಾ ಎರಡು ಹೊತ್ತು ಕ್ಯಾನ್ ಹಿಡಿದು ಹೋಗುವ ಡೇರಿಯ ಮಾತು. ಗುಜರಾತಿನ ಖೇಡಾ ಜಿಲ್ಲೆಯ ರೈತರು ಪಾಲ್ಸನ್ ಎಂಬ ಖಾಸಗಿ ಡೇರಿಗೆ ಹಾಲು ಹಾಕುತ್ತಿದ್ದರು. ಆ ಹಾಲು ಮುಂಬೈಗೆ ಹೋಗುತ್ತಿತ್ತು, ಲಾಭ ನಡುವಿನವರಿಗೆ ಉಳಿಯುತ್ತಿತ್ತು. 1946ರ ಜನವರಿ 4ರಂದು ಸಮರಖಾ ಎಂಬ ಊರಲ್ಲಿ ಸಭೆ ಸೇರಿ ಹಾಲು ಕೊಡುವುದಿಲ್ಲ ಎಂದರು. 15 ದಿನ ಹಾಲು ನಿಲ್ಲಿಸಿದರು. ಅದೇ ವರ್ಷ ಡಿಸೆಂಬರ್ 14ರಂದು ಅವರ ಸಹಕಾರ ಒಕ್ಕೂಟ ನೋಂದಣಿಯಾಯಿತು. ಇಂದಿನ ಅಮುಲ್ ಬೆಳೆದದ್ದು ಅಲ್ಲಿಂದ. ಅದೇ ಮಾದರಿಯ ಸಂಘಗಳು 1974ರ ನಂತರ ಕರ್ನಾಟಕಕ್ಕೆ ಬಂದವು. ಅಂದು ಒಬ್ಬನೇ ಹಾಲು ನಿಲ್ಲಿಸಿದ್ದರೆ ಅವನ ಮನೆಯ ಹಾಲಷ್ಟೇ ಕೆಡುತ್ತಿತ್ತು.

"ಮಾತಾಡಿದರೆ ಎಲ್ಲಾ ಸಿಗುತ್ತದಾ?" ಎಂದು ನೀವು ಕೇಳಬಹುದು. ಸಿಗುವುದಿಲ್ಲ. 2019ರ ಪಾದಯಾತ್ರೆಯ ನಂತರ ರಾಜ್ಯದಲ್ಲಿ ಮದ್ಯ ನಿಷೇಧ ಆಗಲಿಲ್ಲ. ಆಂಧ್ರದ ಸಂಪೂರ್ಣ ನಿಷೇಧವೂ 1997ರಲ್ಲಿ ಸಡಿಲವಾಯಿತು. ಮಾತಾಡಿದವರ ಬಗ್ಗೆ ಓಣಿಯಲ್ಲಿ ನಾಲ್ಕು ಮಾತು ಬರುತ್ತವೆ, ಅದೂ ನಿಜ. ಆದರೆ ಸುಮ್ಮನಿದ್ದರೂ ನಷ್ಟ ತಪ್ಪುವುದಿಲ್ಲ. ಸುಮ್ಮನಿದ್ದುದರ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೇ.

ಆ ಲೆಕ್ಕವನ್ನು ನಾವು ಹಿಡಿಯೋಣ. 8 ಲೀಟರ್ ಹಿಂಡುವ ಆಕಳಿಗೆ ಅದರ ಶರೀರ ಪೋಷಣೆಗೆ ಒಂದೂವರೆಯಿಂದ 2 ಕಿಲೋ, ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಪಶು ಆಹಾರ ಬೇಕು. ಒಟ್ಟು ದಿನಕ್ಕೆ ಸುಮಾರು 5 ಕಿಲೋ. ಎಮ್ಮೆಗಾದರೆ ಲೀಟರಿಗೆ 500 ಗ್ರಾಂ. ಈ ಆಹಾರ ತಪ್ಪಿದರೆ ಆಕಳು ಮೊದಲು ತನ್ನ ಮೈ ಕರಗಿಸಿ ಹಾಲು ಕೊಡುತ್ತದೆ. ಆಮೇಲೆ ಹಾಲು ಇಳಿಯುತ್ತದೆ. ಕೊನೆಗೆ ಬೆದೆಗೆ ಬರುವುದೇ ತಡವಾಗಿ ಒಂದು ಸೂಲು ಹಿಂದೆ ಬೀಳುತ್ತದೆ. ಕುಡಿತಕ್ಕೆ ಹೋದದ್ದು ಒಂದು ಬಟವಾಡೆ ಮಾತ್ರ ಅಲ್ಲ, ಮುಂದಿನ ವರ್ಷದ ಹಾಲೂ ಹೋಯಿತು. ಇದನ್ನು ಅಂಕಿ ಸಮೇತ ಹೇಳಿದರೆ "ಅದು ಅವರ ಮನೆ ಜಗಳ" ಎಂದು ಯಾರೂ ತಳ್ಳಿಹಾಕಲು ಆಗುವುದಿಲ್ಲ.

ಮೊದಲ ಮಾತು ಬೆಂಗಳೂರಿನಲ್ಲೇ ಆಡಬೇಕೆಂದಿಲ್ಲ. ಬಾಯಿ ಬಿಡುವ ಮೊದಲು ಹಾಲಿನ ಸಾಲಿನಲ್ಲಿ ನಿಮ್ಮ ಹಿಂದೆ ಮುಂದೆ ನಿಲ್ಲುವ ಇಬ್ಬರೊಡನೆ ಮಾತಾಡಿ. ಒಬ್ಬರೇ ಎದ್ದು ನಿಲ್ಲಬೇಡಿ. ದುಡಿಯುವವರು ನೀವಾಗಿದ್ದು ಸದಸ್ಯತ್ವ ಬೇರೆಯವರ ಹೆಸರಲ್ಲಿದ್ದರೆ, ನಿಮ್ಮ ಹೆಸರಿನಲ್ಲಿ ಸದಸ್ಯತ್ವಕ್ಕೆ ಅರ್ಜಿ ಕೊಡಿ. ಬಟವಾಡೆ ನಿಮ್ಮ ಹೆಸರಿನ ಬ್ಯಾಂಕ್ ಖಾತೆಗೇ ಬರಲಿ ಎಂದು ಕಾರ್ಯದರ್ಶಿಗೆ ಬರೆದು ಕೊಡಿ. ಸಂಘದ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ ಮುಗಿಯುವುದರೊಳಗೆ ನಡೆಯಬೇಕು. ಅಲ್ಲಿ ಸಹಿ ಹಾಕಿ ಚಹಾ ಕುಡಿದು ಬರಬೇಡಿ. ಕೂತು, ಸರದಿ ಕೇಳಿ, ಹೇಳಿ. ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಏಳಬೇಡಿ. ಊರಿನ ಕಿರಾಣಿ ಅಂಗಡಿಯಲ್ಲಿ ಪರವಾನಗಿ ಇಲ್ಲದೆ ಮದ್ಯ ಮಾರುತ್ತಿದ್ದರೆ ಹತ್ತು ಜನ ಸಹಿ ಹಾಕಿ ಅಬಕಾರಿ ಇಲಾಖೆಗೆ ದೂರು ಕೊಡಿ. ಮನೆಯಲ್ಲಿ ಹೊಡೆತದ ಭಯ ಇದ್ದವರು ಮೊದಲು ತಮ್ಮ ಜೀವ ನೋಡಿಕೊಳ್ಳಿ. 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ನಾನು ನೋಡುವ ಜೀವಗಳಿಗೆ ಬಾಯಿಲ್ಲ. ಮೈ ಮುಟ್ಟಿ, ಕಣ್ಣು ನೋಡಿ ನಾವೇ ತಿಳಿಯಬೇಕು. ನಿಮಗೆ ಬಾಯಿ ಇದೆ. ಮುಂದಿನ ಶಿಬಿರದಲ್ಲಿ ಆಕಳುಗಳನ್ನು ನೋಡಿ ಮುಗಿಸಿದ ಮೇಲೆ ಅರ್ಧ ತಾಸು ಅದೇ ಬೇವಿನ ಗಿಡದ ಕೆಳಗೆ ಎಲ್ಲರೂ ಕೂಡಿ ಕೂರೋಣ. ದಾಣಿಯ ಲೆಕ್ಕ ನಾನು ಮೊದಲು ಹೇಳುತ್ತೇನೆ. ಉಳಿದದ್ದು ನೀವು ಹೇಳಿ, ಈ ಸಲ ಎಲ್ಲರಿಗೂ ಕೇಳುವಂತೆ.