ಕುತ್ತಿಗೆಯ ಗಂಟನ್ನು ಕಡೆಗಣಿಸಬೇಡಿ

ಕುತ್ತಿಗೆಯಲ್ಲಿ ನೋವಿಲ್ಲದ ಗಂಟು ಕಾಣಿಸಿಕೊಂಡರೆ ನಮ್ಮಲ್ಲಿ ಹಲವರು ಶೀತದಿಂದ ಬಂದದ್ದೆಂದು ಸುಮ್ಮನಾಗುತ್ತಾರೆ. ನಮ್ಮ ದೇಶದಲ್ಲಿ ಅದು ಕ್ಷಯದ ಗಂಟೂ ಆಗಿರಬಹುದು. ಆದರೆ ನಲವತ್ತು ದಾಟಿದವರಲ್ಲಿ, ಎರಡು-ಮೂರು ವಾರವಾದರೂ ಕರಗದ ಗಂಟು ಕ್ಯಾನ್ಸರಿನ ಮೊದಲ ಗುರುತಾಗಿರುವುದುಂಟು. ಪರೀಕ್ಷೆಯಿಲ್ಲದೆ ಕ್ಷಯದ ಮಾತ್ರೆ ನುಂಗುತ್ತ ಕಾಲ ಕಳೆಯಬಾರದು.

ಮೊದಲು ಬೇಕಾದದ್ದು ಎಫ್.ಎನ್.ಎ.ಸಿ. ಎಂಬ ಸೂಜಿ ಪರೀಕ್ಷೆ. ಅವಸರದಲ್ಲಿ ಗಂಟನ್ನು ಕೊಯ್ಸಿದರೆ ಮುಂದಿನ ಚಿಕಿತ್ಸೆಗೆ ತೊಡಕಾಗಬಹುದು. ಕೆಲವೊಮ್ಮೆ ಗಂಟಿನಲ್ಲಿ ಕ್ಯಾನ್ಸರ್ ಇದ್ದರೂ ಅದು ಹುಟ್ಟಿದ ಜಾಗ ಕಾಣುವುದಿಲ್ಲ. ಆಗ ವೈರಸ್ಸೇ ಸುಳಿವು ಕೊಡುತ್ತದೆ. ಗಂಟಿನ ಜೀವಕೋಶಗಳಲ್ಲಿ, ಗರ್ಭಕೊರಳಿನ ಕ್ಯಾನ್ಸರಿಗೂ ಕಾರಣವಾಗುವ ಎಚ್‌ಪಿವಿ ಸಿಕ್ಕರೆ ಮೂಲ ಹೆಚ್ಚಾಗಿ ಟಾನ್ಸಿಲ್ ಅಥವಾ ನಾಲಿಗೆಯ ಬುಡ. ಎಪ್‌ಸ್ಟೈನ್-ಬಾರ್ ವೈರಸ್ ಸಿಕ್ಕರೆ ಮೂಗಿನ ಹಿಂಬದಿ. ಈ ಬಗೆ ನಾಗಾಲ್ಯಾಂಡ್ ಮೊದಲಾದ ಈಶಾನ್ಯ ರಾಜ್ಯಗಳಲ್ಲಿ ಹೆಚ್ಚು. ಬಳಿಕ ಪೆಟ್-ಸಿಟಿ, ಎಂಡೋಸ್ಕೋಪಿ ಮಾಡಿ, ಅಗತ್ಯವಿದ್ದರೆ ಟಾನ್ಸಿಲ್ ತೆಗೆದು ಪರೀಕ್ಷಿಸುತ್ತಾರೆ.

ಮೂಲ ಸಿಗದಿದ್ದರೂ ಧೈರ್ಯಗೆಡಬೇಕಿಲ್ಲ. ಶಸ್ತ್ರಚಿಕಿತ್ಸೆ, ವಿಕಿರಣ, ಬೇಕಾದರೆ ಕೀಮೋಥೆರಪಿ ಇವೆ. ವೈರಸ್ ಯಾವುದೆಂದು ತಿಳಿದರೆ ವಿಕಿರಣ ಎಲ್ಲಿಗೆ ಕೊಡಬೇಕೆಂಬುದು ಸ್ಪಷ್ಟವಾಗುತ್ತದೆ. ಎಚ್‌ಪಿವಿ ಬಗೆಯದು ತಂಬಾಕಿನಿಂದ ಬಂದದ್ದಕ್ಕಿಂತ ಚೆನ್ನಾಗಿ ಗುಣವಾಗುತ್ತದೆ. ಆದರೂ ನಮ್ಮ ದೇಶದಲ್ಲಿ ಬಾಯಿ-ಗಂಟಲ ಕ್ಯಾನ್ಸರಿಗೆ ತಂಬಾಕೇ ಮುಖ್ಯ ಕಾರಣವೆಂಬುದನ್ನು ಮರೆಯಬಾರದು.

ದೆಹಲಿಯಲ್ಲಿ ಏಮ್ಸ್‌ನ ರೋಟರಿ ಕ್ಯಾನ್ಸರ್ ಆಸ್ಪತ್ರೆಯಿದೆ. 2019ರಲ್ಲಿ ಉದ್ಘಾಟನೆಯಾದ ಏಮ್ಸ್‌ನದೇ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಹರಿಯಾಣದ ಝಜ್ಜರ್‌ನಲ್ಲಿದೆ. ಎಚ್‌ಪಿವಿ ತಡೆಯಲು ಲಸಿಕೆಯೂ ಇದೆ. ಪುಣೆಯ ಸೀರಮ್ ಸಂಸ್ಥೆಯ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ಮಕ್ಕಳಿಗೆ ಹಾಕಿಸುವ ಬಗ್ಗೆ ವೈದ್ಯರನ್ನು ಕೇಳಿ.

ಸ್ನಾನ ಮಾಡುವಾಗಲೋ ಗಡ್ಡ ಬೋಳಿಸುವಾಗಲೋ ಕೈಗೆ ಗಂಟು ತಗುಲಿದರೆ ದಿನಾಂಕ ಬರೆದಿಟ್ಟುಕೊಳ್ಳಿ. ಮೂರು ವಾರ ಮೀರಿದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತಪ್ಪದೆ ತೋರಿಸಿ.