ಮಧುಮೇಹವೂ ನಮ್ಮ ಮನೆಗಳೂ

ಜ್ವರ ಬಂದರೆ ಮೈ ಸುಡುತ್ತದೆ. ಹಲ್ಲು ನೊಂದರೆ ನಿದ್ರೆ ಬಾರದು. ಇಂತಹ ರೋಗಗಳು ತಮ್ಮ ಬರವನ್ನು ತಾವೇ ಸಾರುತ್ತವೆ. ಆದರೆ ಸದ್ದಿಲ್ಲದೆ ಬಂದು ವರ್ಷಗಟ್ಟಲೆ ನೆಲೆಸುವ ರೋಗಗಳೂ ಉಂಟು. ಮಧುಮೇಹವು ಅವುಗಳಲ್ಲಿ ಒಂದು. ನಮ್ಮ ಮನೆಗಳಲ್ಲಿ ‘ಸಕ್ಕರೆ ಕಾಯಿಲೆ’ ಎಂದೂ, ಈ ನಗರದ ಬೀದಿಗಳಲ್ಲಿ ‘ಸರ್ಕರೈ ನೋಯ್’ ಎಂದೂ ಕರೆಯುವ ಈ ವ್ಯಾಧಿಯು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಆದುದರಿಂದ ಇದನ್ನು ಮುಚ್ಚಿಡಬೇಕಾದ ಕಾರಣವೂ ಇಲ್ಲ.

ನಾವು ಉಂಡ ಅನ್ನ, ಇಡ್ಲಿ, ಮುದ್ದೆಗಳಲ್ಲಿರುವ ಪಿಷ್ಟವು ಜೀರ್ಣವಾಗಿ, ಗ್ಲೂಕೋಸ್ ಎಂಬ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಅದು ಜೀವಕೋಶಗಳನ್ನು ಹೊಗಲು, ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ ಬೇಕು. ಇನ್ಸುಲಿನ್ ಸಾಲದಾದರೆ, ಇಲ್ಲವೆ ದೇಹವು ಅದಕ್ಕೆ ಸರಿಯಾಗಿ ಮಣಿಯದಿದ್ದರೆ, ಸಕ್ಕರೆಯು ರಕ್ತದಲ್ಲಿಯೇ ಹೆಚ್ಚಿ ನಿಲ್ಲುತ್ತದೆ. ಕಾಲಕ್ರಮದಲ್ಲಿ ಕಣ್ಣು, ಮೂತ್ರಪಿಂಡ, ಹೃದಯ, ಕಾಲಿನ ನರಗಳು ಕೆಡುತ್ತವೆ. ವಯಸ್ಕರಲ್ಲಿ ಸಾಮಾನ್ಯವಾದ ಬಗೆಗೆ ವಂಶದ ಪ್ರವೃತ್ತಿ, ಬೊಜ್ಜು, ಕುಳಿತೇ ಕಳೆಯುವ ದಿನಚರಿಗಳು ಮುಖ್ಯ ಕಾರಣಗಳು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಬಗೆಯಲ್ಲಿ ದೇಹದ ರಕ್ಷಣಾಶಕ್ತಿಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಅಳಿಸುತ್ತದೆ; ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ, ಸಾವಿನಂಚಿನಲ್ಲಿದ್ದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲು ಇನ್ಸುಲಿನ್ ಕೊಡಲಾಯಿತು. ಅವನು ಮತ್ತೆ 13 ವರ್ಷ ಬಾಳಿದನು.

ಈ ರೋಗದ ಅಧ್ಯಯನದಲ್ಲಿ ನಮ್ಮ ನಗರದ ಪಾಲು ದೊಡ್ಡದು. 1948ರಲ್ಲಿಯೇ ಡಾ. ಎಂ. ವಿಶ್ವನಾಥನ್ ಅವರು ಇಲ್ಲಿನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಮಧುಮೇಹಕ್ಕೆಂದೇ ಪ್ರತ್ಯೇಕ ಚಿಕಿತ್ಸಾಲಯವನ್ನು ಆರಂಭಿಸಿದರು. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಚೆನ್ನೈಯಿಂದ 2006ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೊಂದು ಸಂಗತಿಯನ್ನು ತೋರಿಸಿತು: ರೋಗದ ಹೊಸ್ತಿಲಲ್ಲಿದ್ದವರು ಆಹಾರವನ್ನು ತಿದ್ದಿಕೊಂಡು, ನಡಿಗೆಯನ್ನು ರೂಢಿಸಿಕೊಂಡಾಗ, ರೋಗ ಬರುವ ಸಂಭವವು ನೂರಕ್ಕೆ ಸುಮಾರು 28ರಷ್ಟು ತಗ್ಗಿತು.

ರೋಗ ಬಂದವರಿಗೆ ಪಥ್ಯ, ನಡಿಗೆ, ಔಷಧ ಮೂರೂ ಆಧಾರ. ಆದರೆ ನಾವು ಕಂಡ ಅನೇಕ ಮನೆಗಳಲ್ಲಿ ಹಿರಿಯರು, “ಸಕ್ಕರೆ ಇಳಿಯಿತಲ್ಲ, ಇನ್ನು ಮಾತ್ರೆ ಏಕೆ?” ಎಂದು ತಾವೇ ನಿಲ್ಲಿಸಿಬಿಡುತ್ತಾರೆ. ಉರಿ ತಗ್ಗಿಸಿದ್ದರಿಂದ ಹಾಲು ಇಳಿಯಿತು. ಇಳಿಯಿತೆಂದು ಉರಿಯನ್ನು ಮತ್ತೆ ಏರಿಸಿದರೆ ಹಾಲು ಉಕ್ಕದಿರುವುದೆ? ವೈದ್ಯರು ಹೇಳದೆ ಮಾತ್ರೆಯನ್ನು ಬಿಡಲಾಗದು.

ವಿದ್ಯಾರ್ಥಿಗಳೇ, ಇಲ್ಲಿ ನಿಮ್ಮ ಕೆಲಸವಿದೆ. ನಾವು ಕನ್ನಡನಾಡಿನಿಂದ ಬಂದು ನೆಲೆಸಿದವರು. ನಿಮ್ಮ ಅಜ್ಜ ಅಜ್ಜಿಯರಲ್ಲಿ ಅನೇಕರಿಗೆ ತಮಿಳು ಓದಲು ಬಾರದು. ಆಸ್ಪತ್ರೆಯಲ್ಲಿ ದಾದಿಯ ಮಾತನ್ನು ಕನ್ನಡದಲ್ಲಿ ತಿಳಿಸುವವರು ನೀವೇ. ‘ಸಾಪ್ಪಾಟ್ಟುಕ್ಕು ಮುನ್’ ಎಂದರೆ ಊಟಕ್ಕೆ ಮುಂಚೆ, ‘ಪಿನ್’ ಎಂದರೆ ಊಟದ ಅನಂತರ. ಇದು ಅದಲು ಬದಲಾಗಬಾರದು. ಮಾತ್ರೆಯ ಲಕೋಟೆಯ ಮೇಲೆ ವೇಳೆಯನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದಿಡಿ. ಸಂದೇಹವಿದ್ದರೆ ಊಹಿಸದೆ, ಮತ್ತೊಮ್ಮೆ ಕೇಳಿ.

ಔಷಧ ಪಡೆದು ಊಟ ತಪ್ಪಿಸಿದವರಿಗೆ ಸಕ್ಕರೆ ತೀರ ಇಳಿದು ಬೆವರು, ನಡುಕ, ಮಂಕು ಕವಿಯಬಹುದು. ಎಚ್ಚರವಿದ್ದು ನುಂಗಬಲ್ಲವರಾದರೆ ಕೂಡಲೆ ಸಕ್ಕರೆ ಕದಡಿದ ನೀರನ್ನು ಕುಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಬೇಕು.

ಕಾಲಿನ ನರಗಳು ಮಂಕಾದಾಗ ಮುಳ್ಳು ಚುಚ್ಚಿದರೂ ತಿಳಿಯದು. ಸಣ್ಣ ಗಾಯವೇ ಹುಣ್ಣಾಗಿ ಕೊನೆಗೆ ಪಾದವನ್ನೇ ಕಳೆದುಕೊಳ್ಳುವಂತಾಗಬಹುದು. ಬಗ್ಗಿ ನೋಡಿಕೊಳ್ಳಲು ಹಿರಿಯರಿಗೆ ಕಷ್ಟ. ನಿಮ್ಮ ಕಣ್ಣುಗಳಾದರೋ ಚುರುಕು. ದಿನಕ್ಕೊಮ್ಮೆ ಅಜ್ಜಿಯ ಪಾದಗಳನ್ನು ನೋಡಿ. ನಮಸ್ಕಾರಕ್ಕೆಂದು ಬಾಗಿದಾಗಲೇ ಆ ಕೆಲಸವೂ ಆಗಬಹುದು.