ಹೆದ್ದಾರಿಗೆ ಬೈಕು ಹತ್ತಿಸುವ ಮುನ್ನ

ಊರಿಗೊಂದು ಮೋಟಾರ್ ಸೈಕಲ್ ಇದ್ದ ಕಾಲವೊಂದಿತ್ತು. ಅದೂ ಗ್ರಾಮಸೇವಕರದ್ದೋ ಪಶುವೈದ್ಯರದ್ದೋ ಆಗಿರುತ್ತಿತ್ತು. ಇಂದು ಎತ್ತಿಲ್ಲದ ಮನೆ ಎಷ್ಟಾದರೂ ಸಿಕ್ಕೀತು, ಬೈಕಿಲ್ಲದ ಮನೆ ಸಿಗುವುದು ಕಷ್ಟ. ಡೇರಿಗೆ ಹಾಲು, ಸಂತೆಗೆ ಸೊಪ್ಪು ತರಕಾರಿ, ತೋಟಕ್ಕೆ ಗೊಬ್ಬರದ ಮೂಟೆ, ದನಕ್ಕೆ ಹಸಿ ಮೇವು, ಶಾಲೆಗೆ ಮಕ್ಕಳು, ಎಲ್ಲಕ್ಕೂ ಅದೇ ಬಂಡಿ. ಹೊಲದ ದಾರಿಯಲ್ಲಿ ಅದು ನಮ್ಮ ಮಾತು ಕೇಳುತ್ತದೆ. ಆದರೆ ಅದೇ ಬೈಕು ಹೆದ್ದಾರಿಗೆ ಹತ್ತಿದ ಕೂಡಲೇ ಕಾರು, ಬಸ್ಸು, ಲಾರಿಗಳ ನಡುವೆ ಸಿಕ್ಕಿಬೀಳುತ್ತದೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಇನ್ನೊಂದು ಅಂಕಿಯನ್ನು ರೈತರು ಗಮನಿಸಬೇಕು: ಸತ್ತವರಲ್ಲಿ ನೂರಕ್ಕೆ ಸುಮಾರು 68 ಮಂದಿ ಪ್ರಾಣ ಬಿಟ್ಟದ್ದು ಗ್ರಾಮಾಂತರ ಪ್ರದೇಶದಲ್ಲಿ. ಅಪಘಾತವೆಂದರೆ ಪೇಟೆಯ ಗದ್ದಲದ ಪೀಡೆ ಎಂದು ನಾವು ತಿಳಿದಿದ್ದರೆ ಅದು ತಪ್ಪು ತಿಳಿವಳಿಕೆ.

ಇಷ್ಟು ಸಾವು ನೋವಿನ ನಡುವೆ ಕಾರಿನವರಿಗೂ ಬೈಕಿನವರಿಗೂ ಜಗಳ ತಪ್ಪಿಲ್ಲ. ಕಾರಿನವರನ್ನು ಕೇಳಿ, "ಈ ಬೈಕಿನವರು ಎಲ್ಲಿಂದ ನುಗ್ಗುತ್ತಾರೋ ಗೊತ್ತೇ ಆಗುವುದಿಲ್ಲ" ಎನ್ನುತ್ತಾರೆ. ಬೈಕಿನವರನ್ನು ಕೇಳಿ, "ಕಾರಿನವರಿಗೆ ನಾವು ಕಣ್ಣಿಗೇ ಕಾಣುವುದಿಲ್ಲ" ಎನ್ನುತ್ತಾರೆ. ಎರಡೂ ಸಿಟ್ಟಿನ ಮಾತುಗಳೇ. ಆದರೂ ಎರಡೂ ಅಕ್ಷರಶಃ ನಿಜ ಎಂಬುದು ವಿಚಿತ್ರ.

ಕಾಣದಿರುವುದು ಹೇಗೆ?

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಎಂಬವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900 ಮೋಟಾರ್ ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಬೇರೆ ವಾಹನಕ್ಕೆ ಡಿಕ್ಕಿಯಾದ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು, ಬೈಕು ಹೋಗಬೇಕಾದ ದಾರಿಗೆ ಆ ವಾಹನವೇ ಅಡ್ಡ ಬಂದಿತ್ತು. ಅಡ್ಡ ಬಂದ ಚಾಲಕರು ಬೈಕನ್ನು ನೋಡಿಯೇ ಇರಲಿಲ್ಲ, ಇಲ್ಲವೇ ನೋಡುವ ಹೊತ್ತಿಗೆ ಕಾಲ ಮೀರಿತ್ತು. ಅಲ್ಲಿಯ ರಸ್ತೆ ಬೇರೆ, ನಮ್ಮ ರಸ್ತೆ ಬೇರೆ, ಒಪ್ಪೋಣ. ಆದರೆ ಮನುಷ್ಯನ ಕಣ್ಣು ಎಲ್ಲೆಡೆಯೂ ಒಂದೇ.

ನೀವೇ ಪರೀಕ್ಷಿಸಬಹುದು. ನಿಲ್ಲಿಸಿದ ಕಾರಿನ ಚಾಲಕನ ಸೀಟಿನಲ್ಲಿ ಕುಳಿತುಕೊಳ್ಳಿ. ಮುಂದಿನ ಗಾಜಿನ ಎರಡು ಪಕ್ಕಕ್ಕೂ ಚಾವಣಿಯನ್ನು ಹೊತ್ತ ಕಂಬಗಳಿವೆ. ಮಗನನ್ನೋ ತಮ್ಮನನ್ನೋ ಇಪ್ಪತ್ತು ಹೆಜ್ಜೆ ದೂರದಲ್ಲಿ, ಬೈಕಿನ ಮೂತಿ ನಿಮ್ಮ ಕಡೆಗಿರುವಂತೆ ನಿಲ್ಲಿಸಿ ಸ್ವಲ್ಪ ಆಚೀಚೆ ಸರಿಯಲು ಹೇಳಿ. ಒಂದು ಕಡೆ ಬಂದಾಗ ಬೈಕೂ ಸವಾರನೂ ಬಹುಮಟ್ಟಿಗೆ ಆ ಕಂಬದ ಮರೆಗೆ ಹೋಗಿಬಿಡುತ್ತಾರೆ. ಬಸ್ಸು ಹಾಗೆ ಮರೆಯಾಗುವುದಿಲ್ಲ. ಕೂಡುರಸ್ತೆಯಲ್ಲಿ ಕಾರೂ ಬೈಕೂ ಚಲಿಸುತ್ತಿರುವಾಗ ಈ ಮರೆ ಹಲವು ಕ್ಷಣ ಹಾಗೆಯೇ ಮುಂದುವರಿಯುವುದುಂಟು. ಆದ್ದರಿಂದ ಕಾರು ನಡೆಸುವವರು ಕೂಡುರಸ್ತೆಯಲ್ಲಿ ಕಣ್ಣನ್ನಷ್ಟೇ ಹೊರಳಿಸಿದರೆ ಸಾಲದು, ತಲೆಯನ್ನು ಮುಂದಕ್ಕೂ ಪಕ್ಕಕ್ಕೂ ಬಾಗಿಸಿ ನೋಡಬೇಕು.

ಇನ್ನೊಂದು ಮೋಸವಿದೆ. ಎದುರಿನಿಂದ ಬರುವ ವಸ್ತು ದೊಡ್ಡದಾಗುತ್ತ ಹೋಗುವುದನ್ನು ನೋಡಿ ನಮ್ಮ ಕಣ್ಣು ಅದರ ವೇಗ ಅಳೆಯುತ್ತದೆ. ಬೈಕು ಸಣ್ಣದು. ಅದು ಹತ್ತಿರ ಬಂದಿದ್ದರೂ ದೂರದಲ್ಲಿರುವಂತೆ, ವೇಗವಾಗಿದ್ದರೂ ನಿಧಾನವಾಗಿರುವಂತೆ ತೋರುತ್ತದೆ. ರಾತ್ರಿ ಒಂಟಿ ದೀಪದ ಗತಿ ಇನ್ನೂ ಕೆಟ್ಟದ್ದು.

ಈ ಕಾರಣಕ್ಕಾಗಿಯೇ 2017ರ ಏಪ್ರಿಲ್ 1ರಿಂದ ತಯಾರಾಗುವ ಬೈಕುಗಳ ಮುಂದಿನ ದೀಪ ಎಂಜಿನ್ ಚಾಲೂ ಆದೊಡನೆ ತಾನಾಗಿ ಉರಿಯುತ್ತದೆ. ಹಗಲಲ್ಲೂ ಆರುವುದಿಲ್ಲ. ದಾರಿಯಲ್ಲಿ ಯಾರಾದರೂ "ನಿಮ್ಮ ಲೈಟು ಉರೀತಾ ಇದೆ" ಎಂದು ಕೈಸನ್ನೆ ಮಾಡಿದರೆ ಸಿಟ್ಟಾಗಬೇಡಿ, ಅವರಿಗೆ ತಿಳಿದಿಲ್ಲ ಅಷ್ಟೆ. ಬ್ಯಾಟರಿ ಉಳಿಸಲೆಂದು ಮೆಕ್ಯಾನಿಕ್ ಹತ್ತಿರ ವೈರು ಕತ್ತರಿಸಿ ಸ್ವಿಚ್ಚು ಹಾಕಿಸಿಕೊಂಡವರೂ ಇದ್ದಾರೆ. ಅದು ಅಳತೆ ಮೀರಿದ ಜಾಣತನ. ಹಳೆಯ ಗಾಡಿಯಿದ್ದವರು ಹಗಲಲ್ಲೂ ದೀಪ ಹಾಕಿ ಹೋಗುವುದು ಒಳ್ಳೆಯದು.

ಇನ್ನೂರು ಮೀಟರಿನ ಕಲ್ಲು

ಹಳ್ಳಿಯ ರಸ್ತೆ ಹೆದ್ದಾರಿಗೆ ಕೂಡುವ ಜಾಗವೇ ಎಲ್ಲಕ್ಕಿಂತ ಅಪಾಯದ್ದು. ಎರಡು ಕ್ಯಾನು ಹಾಲು ಹೇರಿಕೊಂಡ ಬೈಕು ನಿಂತಲ್ಲಿಂದ ಹೊರಟು ನಾಲ್ಕು ಪಥದ ರಸ್ತೆಯ ಒಂದು ಮಗ್ಗುಲನ್ನು ದಾಟಲು ನಾಲ್ಕೈದು ಸೆಕೆಂಡು ಬೇಕು. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಐದು ಸೆಕೆಂಡಿಗೆ 140 ಮೀಟರ್ ಆಯಿತು. ಚಾಲಕ ನಿಮ್ಮನ್ನು ಕಂಡು ಬ್ರೇಕು ಒತ್ತಿದರೂ ಒಣ ರಸ್ತೆಯಲ್ಲಿ ಕಾರು ನಿಲ್ಲಲು ನೂರು ಮೀಟರಿನಷ್ಟು ಬೇಕು. ಮಳೆ ಬಿದ್ದಿದ್ದರೆ ಇನ್ನೂ ಹೆಚ್ಚು.

ಕಣ್ಣಳತೆಗೆ ಈ ದೂರ ಸಿಗುವುದಿಲ್ಲ. ಅದಕ್ಕೊಂದು ಉಪಾಯವಿದೆ. ಹೆದ್ದಾರಿಯ ಅಂಚಿನಲ್ಲಿ ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದರಂತೆ ಚಿಕ್ಕ ಕಲ್ಲುಗಳನ್ನು ನೆಟ್ಟಿರುತ್ತಾರೆ. ನಿಮ್ಮೂರ ಕೂಡುರಸ್ತೆಯಿಂದ ಎರಡು ಕಡೆಗೂ 200 ಮೀಟರ್ ದೂರವನ್ನು ಒಮ್ಮೆ ನಡೆದು ಅಳೆದು, ಅಲ್ಲಿ ಯಾವ ಕಲ್ಲು, ಯಾವ ಮರ, ಯಾವ ಕಂಬ ಇದೆ ಎಂದು ಗುರುತಿಟ್ಟುಕೊಳ್ಳಿ. ಕಾರು ಆ ಗುರುತಿನಿಂದ ಈಚೆಗೆ ಬಂದಿದ್ದರೆ ದಾಟಬೇಡಿ. ಹೊಲಕ್ಕೆ ಬದು ಹಾಕುವವರಿಗೆ ಇದು ಹೊಸ ವಿದ್ಯೆಯೇನಲ್ಲ.

ಇನ್ನು ಎದುರು ದಿಕ್ಕಿನಲ್ಲಿ ಹೋಗುವ ಪಿಡುಗು. ಇದರ ಬಗ್ಗೆ ಬರೇ ಬುದ್ಧಿವಾದ ಹೇಳಿ ಪ್ರಯೋಜನವಿಲ್ಲ, ಯಾಕೆಂದರೆ ರೈತರ ದೂರಿನಲ್ಲಿ ಹುರುಳಿದೆ. ಊರು ಒಂದು ಕಡೆ, ಜಮೀನು ಇನ್ನೊಂದು ಕಡೆ ಆಗುವಂತೆ ನಾಲ್ಕು ಪಥದ ರಸ್ತೆ ನಡುವೆ ಹಾದುಹೋಗಿದೆ. ತಿರುಗಲು ಎರಡು ಕಿಲೋಮೀಟರ್ ಹೋಗಿ ಎರಡು ಕಿಲೋಮೀಟರ್ ಬರಬೇಕು. ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕಿಗೂ ಇದರಿಂದ ಎಂಟು ರೂಪಾಯಿಯ ಪೆಟ್ರೋಲು ಹೆಚ್ಚು. ದಿನಕ್ಕೆರಡು ಸಲ ಡೇರಿಗೆ ಹೋಗುವವರಿಗೆ ತಿಂಗಳಿಗೆ ಐದುನೂರರ ಹತ್ತಿರ ಬರುತ್ತದೆ. ಬಡ ರೈತನಿಗೆ ಇದು ಸಣ್ಣ ಮೊತ್ತವಲ್ಲ.

ಆದರೆ ಇನ್ನೊಂದು ಲೆಕ್ಕವೂ ಇದೆ. ನೀವು 40ರ ವೇಗದಲ್ಲಿ ಎದುರು ಹೋಗುತ್ತೀರಿ, ಕಾರು 100ರಲ್ಲಿ ಬರುತ್ತದೆ. ಇಬ್ಬರ ನಡುವಿನ ಅಂತರ ಸೆಕೆಂಡಿಗೆ ಸುಮಾರು 39 ಮೀಟರಿನಂತೆ ಕರಗುತ್ತದೆ. ಆ ಚಾಲಕ ನಿಮ್ಮನ್ನು ಅಲ್ಲಿ ನಿರೀಕ್ಷಿಸಿಯೇ ಇರುವುದಿಲ್ಲ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯು ಎದುರು ದಿಕ್ಕಿನ ಚಾಲನೆಯನ್ನು ಅಪಾಯಕಾರಿ ಚಾಲನೆ ಎಂದೇ ಎಣಿಸುತ್ತದೆ. ಅಪಘಾತವಾದರೆ ನಿಮ್ಮ ಪಾಲಿನ ತಪ್ಪಿನಷ್ಟು ಪರಿಹಾರವನ್ನು ನ್ಯಾಯಮಂಡಳಿ ಕಡಿತ ಮಾಡಬಹುದು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಿ ಸರ್ವಿಸ್ ರಸ್ತೆಗೆ ಕಳಿಸಲಾಯಿತು. ಕಾರಿನವರಿಗಾಗಿ ನಮ್ಮನ್ನು ಹೊರಹಾಕಿದರು ಎಂದು ರೈತರು ಆಗ ಮುನಿದದ್ದು ಸಹಜ. ವೇಗ ಬೇರೆ ಬೇರೆಯಾದ ವಾಹನಗಳನ್ನು ಬೇರ್ಪಡಿಸುವುದು ನಿಜವಾಗಿಯೂ ಪ್ರಾಣ ಉಳಿಸುವ ಕ್ರಮ. ಆದರೆ ಸರ್ವಿಸ್ ರಸ್ತೆ ಎಡೆಬಿಡದೆ ಇರಬೇಕು, ಊರಿಗೊಂದು ಅಂಡರ್‌ಪಾಸ್ ಇರಬೇಕು. ಆ ಬೇಡಿಕೆಯನ್ನು ರೈತರು ಗಟ್ಟಿಯಾಗಿಯೇ ಕೇಳಬೇಕು.

ಹೊರೆ, ಸೆರಗು, ಹೆಲ್ಮೆಟ್ಟು

ಬೈಕಿನ ಅಗಲ ಎಷ್ಟೆಂದು ಕಾರಿನವನಿಗೆ ಅಂದಾಜಿದೆ. ಹಿಂದೆ ಅಡ್ಡಲಾಗಿ ಕಟ್ಟಿದ ಜೋಳದ ಮೇವಿನ ಹೊರೆಯ ಅಗಲದ ಅಂದಾಜಿಲ್ಲ. ಅವನು ಬೈಕಿಗೆ ಜಾಗ ಬಿಟ್ಟು ಹಾಯುತ್ತಾನೆ, ಕಾರು ಹೊರೆಗೆ ತಗಲುತ್ತದೆ. ಹೊರೆಯನ್ನು ಉದ್ದುದ್ದ ಕಟ್ಟಿ. ಹ್ಯಾಂಡಲಿನ ಅಗಲ ಮೀರದಿರಲಿ. ಹಿಂದಿನ ಕೆಂಪು ದೀಪ ಮುಚ್ಚದಿರಲಿ. ಕ್ಯಾನುಗಳಿಗೆ ಹಿಂದಿನಿಂದ ಕಾಣುವಂತೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿದರೆ ಮುಂಜಾನೆಯ ಮಬ್ಬಿನಲ್ಲಿ ಅದೇ ರಕ್ಷೆ. ಕಬ್ಬಿನ ಟ್ರೈಲರ್ ಇರುವವರಿಗೂ ಈ ಮಾತು ಸಲ್ಲುತ್ತದೆ. ಕೆಟ್ಟು ನಿಂತ ಟ್ರೈಲರ್ ಕತ್ತಲಲ್ಲಿ ಕಾಣದೆ ಹಿಂದಿನಿಂದ ಬಂದು ಗುದ್ದುವವರು ಹೆಚ್ಚಾಗಿ ನಮ್ಮ ನೆರೆಯೂರಿನ ಬೈಕಿನವರೇ.

ಹೆಂಗಸರು ಹಿಂದೆ ಕುಳಿತಾಗ ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕಿ ಕೆಡವುವುದುಂಟು. ಚಕ್ರದ ಪಕ್ಕದ ಸೀರೆ ಗಾರ್ಡು ಕಾಯ್ದೆ ಪ್ರಕಾರ ಇರಲೇಬೇಕಾದದ್ದು. ಕ್ಯಾನಿನ ಕೊಕ್ಕೆ ಹಾಕಲು ಅಡ್ಡಿಯೆಂದು ಕಿತ್ತೆಸೆಯಬೇಡಿ.

ಹೆಲ್ಮೆಟ್ಟಿನ ವಿಚಾರ ನೂರು ಸಲ ಕೇಳಿದ್ದೀರಿ, ಚಿಕ್ಕದಾಗಿ ಹೇಳಿ ಮುಗಿಸೋಣ. ಧರಿಸಿದರೆ ಸಾಯುವ ಅಪಾಯ ನೂರಕ್ಕೆ 40ರಷ್ಟು ತಗ್ಗುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡಿದ್ದಾರೆ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಇವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸಿ ಮಾರುವುದನ್ನು 2021ರ ಜೂನ್ 1ರಿಂದ ನಿಷೇಧಿಸಲಾಗಿದೆ. ಆದರೂ ಸಂತೆಯಲ್ಲಿ ಬುಟ್ಟಿಯಂಥವು ಸಿಗುತ್ತವೆ. ಗಲ್ಲದ ಪಟ್ಟಿ ಬಿಗಿಯದಿದ್ದರೆ ಒಳ್ಳೆಯ ಹೆಲ್ಮೆಟ್ಟೂ ನೆಲಕ್ಕೆ ಬೀಳುವ ಮೊದಲೇ ಹಾರಿಹೋಗುತ್ತದೆ. ಹ್ಯಾಂಡಲಿಗೆ ನೇತುಹಾಕಿದ್ದು ಹ್ಯಾಂಡಲನ್ನಷ್ಟೇ ಕಾಯುತ್ತದೆ.

"ಹಾಲು ಹಾಕಿ ಬಾ" ಎಂದು ಹದಿನಾಲ್ಕರ ಹುಡುಗನ ಕೈಗೆ ಕೀಲಿ ಕೊಡುವ ತಂದೆಯರು ಒಂದು ಸಂಗತಿ ತಿಳಿದಿರಲಿ. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಇನ್ನು ಆ ಬೈಕಿಗೆ ವಿಮೆ ಇಲ್ಲದೆ, ಅದು ದಾರಿಹೋಕರೊಬ್ಬರಿಗೆ ಬಡಿದರೆ ಪರಿಹಾರವನ್ನು ಮಾಲೀಕನೇ ತೆರಬೇಕು. ಆಗ ಮಾರಲು ಉಳಿಯುವುದು ಜಮೀನೇ.

ತಪ್ಪು ಯಾವಾಗಲೂ ದೊಡ್ಡ ಗಾಡಿಯದೇ?

ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುವುದು ಕೆಲವೆಡೆ ಇನ್ನೂ ನಿಂತಿಲ್ಲ. ಕಣ ಮಾಡಲು ಜಾಗವಿಲ್ಲ, ಕೂಲಿಯಾಳಿಲ್ಲ ಎಂಬುದು ನಿಜ. ಆದರೆ ಹುಲ್ಲಿನ ಮೇಲೆ ಬ್ರೇಕು ಒತ್ತಿದ ಬೈಕು ಜಾರದೆ ಇರುವುದಿಲ್ಲ. ಹುಲ್ಲು ತಪ್ಪಿಸಲು ಬೈಕು ರಸ್ತೆಯ ನಡುವಿಗೆ ಸರಿದರೆ ಹಿಂದಿನ ಕಾರಿಗೆ ಸಿಗುತ್ತದೆ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತಿದ್ದೂ ಇದೆ. ಕಾರಿನವರು ರೈತರನ್ನು ಬೈಯುವ ಕಾರಣಗಳಲ್ಲಿ ಇದೊಂದು ನ್ಯಾಯವಾದದ್ದು.

ಅಪಘಾತವಾದೊಡನೆ ಜನ ಸೇರಿ ಕಾರಿನವನಿಗೆ ಹೊಡೆಯುವುದು ಇನ್ನೊಂದು ಕೆಟ್ಟ ರೂಢಿ. ಇದರ ಫಲ ಏನಾಗಿದೆ ನೋಡಿ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವುದು ಚಾಲಕನ ಕರ್ತವ್ಯವೆಂದು ಕಾಯ್ದೆಯ 134ನೇ ಕಲಂ ಹೇಳುತ್ತದೆ. ಗುಂಪಿನ ರೊಚ್ಚಿನಿಂದ ಸಾಧ್ಯವಾಗದಿದ್ದರೆ ಆ ಕರ್ತವ್ಯಕ್ಕೆ ವಿನಾಯಿತಿಯನ್ನೂ ಅದೇ ಕಲಂ ಕೊಡುತ್ತದೆ. ಏಟಿಗೆ ಹೆದರಿ ಕಾರಿನವನು ಓಡಿದರೆ ಬಿದ್ದವನನ್ನು ಒಯ್ಯಲು ಎದುರಿಗಿದ್ದ ವಾಹನವೇ ಇಲ್ಲವಾಗುತ್ತದೆ. ಮೊದಲು 108ಕ್ಕೆ ಅಥವಾ 112ಕ್ಕೆ ಫೋನು ಮಾಡಿ. ಕಾರಿನ ನಂಬರು ಬರೆದಿಟ್ಟುಕೊಳ್ಳಿ, ಅಷ್ಟು ಸಾಕು. ಸಹಾಯ ಮಾಡಿದವರನ್ನು ಪೊಲೀಸರು ಅವರ ಇಷ್ಟಕ್ಕೆ ವಿರುದ್ಧವಾಗಿ ಸಾಕ್ಷಿಯಾಗುವಂತೆ ಒತ್ತಾಯಿಸುವಂತಿಲ್ಲ.

2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ 7 ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದಿಲ್ಲದೆ ಚಿಕಿತ್ಸೆ ದೊರೆಯಬೇಕು. ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ. ಗುದ್ದಿದ ವಾಹನ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ವಾಹನ ಗೊತ್ತಿದ್ದಲ್ಲಿ, ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕುವುದು ಕ್ಷೇಮ.

ನಿಮ್ಮಲ್ಲಿ ಹಲವರ ಮನೆಗೆ ಈಗ ಕಾರೂ ಬಂದಿದೆ. ಯುರೋಪಿನ ಐದು ದೇಶಗಳಲ್ಲಿ 921 ಅಪಘಾತಗಳನ್ನು ಪರಿಶೀಲಿಸಿದಾಗ, ಮೋಟಾರ್ ಸೈಕಲ್ ಪರವಾನಗಿಯೂ ಇದ್ದ ಕಾರು ಚಾಲಕರು ಬೈಕನ್ನು ಕಾಣದೆ ಹೋಗುವುದು ಕಡಮೆ ಎಂದು ತಿಳಿದುಬಂತು. ಆ ಅನುಭವ ನಿಮಗಿದೆ. ಕಾರಿನಲ್ಲಿ ಕುಳಿತ ಮೇಲೂ ಅದು ಮರೆಯದಿರಲಿ. ಬೈಕನ್ನು ಹಿಂದೆ ಹಾಕುವಾಗ ಒಂದೂವರೆ ಮೀಟರಾದರೂ ಜಾಗ ಬಿಡಿ. ಗುಂಡಿ ಬಂದರೆ ಅದು ಪಕ್ಕಕ್ಕೆ ಸರಿಯಲೇಬೇಕು. ರಸ್ತೆ ಬದಿ ನಿಲ್ಲಿಸಿ ಬಾಗಿಲು ತೆರೆಯುವಾಗ ಬಾಗಿಲ ಪಕ್ಕದ ಕೈಯನ್ನು ಬಿಟ್ಟು ಆಚೆಯ ಕೈಯಿಂದ ತೆರೆಯಿರಿ. ಆಗ ಮೈ ತಾನಾಗಿ ತಿರುಗಿ ಹಿಂದೆ ಬರುವ ಬೈಕು ಕಣ್ಣಿಗೆ ಬೀಳುತ್ತದೆ. ರಾತ್ರಿ ಎದುರಿಗೆ ಒಂಟಿ ದೀಪ ಕಂಡರೂ ನಿಮ್ಮ ದೀಪ ತಗ್ಗಿಸಿ.

ಕೊನೆಯದಾಗಿ, ಗ್ರಾಮ ಪಂಚಾಯಿತಿಯಿಂದ ಆಗಬಹುದಾದ ಒಂದು ಕೆಲಸ. ಹಳ್ಳಿ ರಸ್ತೆ ಹೆದ್ದಾರಿಗೆ ಸೇರುವಲ್ಲಿ ಜಾಲಿ ಮತ್ತು ಲಂಟಾನ ಪೊದೆಗಳು ಆಳುದ್ದ ಬೆಳೆದಿರುತ್ತವೆ. ದಾಟಲು ನಿಂತವನಿಗೆ ಕಾರು ಕಾಣದು, ಕಾರಿನವನಿಗೆ ಇವನು ಕಾಣನು. ಹಳ್ಳಿ ರಸ್ತೆಯ ಕೊನೆಯ ಐವತ್ತು ಅಡಿಯ ಎರಡು ಮಗ್ಗುಲನ್ನೂ ಸವರಿ, ಹೆದ್ದಾರಿಗೆ ಸ್ವಲ್ಪ ಮೊದಲು ಹಳ್ಳಿ ರಸ್ತೆಗೇ ಒಂದು ಉಬ್ಬು ಹಾಕಿಸುವಂತೆ ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಹೆದ್ದಾರಿಯ ಅಂಚಿನ ಪೊದೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರಕ್ಕೆ ಸೇರಿದ್ದು. ಅದರ ದೂರನ್ನು 1033ಕ್ಕೆ ಫೋನು ಮಾಡಿ ಹೇಳಬಹುದು.